ಆಗಲಿ ಸಾರ್

"ವಿಚಾರಣೆನ ನೀವೇ ಯಾಕೆ ಮುಂದಕ್ಕೆ ಹಾಕಿಸ್ತಾ ಬಂದಿದ್ದೀರಿ?"

ಪ್ರಶ್ನೆ ಕೇಳಿಬಂದಾಗ ಡ್ರೈವರ್ ಶಾಲಾ ಬಸ್ಸಿನ ಸೀಟಿನಡಿ ತಲೆ ತೂರಿಸಿ, ಮಕ್ಕಳು ಅಂಟಿಸಿದ್ದ ಚೂಯಿಂಗ್ ಗಮ್ ಕೆರೆಯುತ್ತಿದ್ದ. ಗಾಬರಿಯಿಂದ ಏಳಹೋಗಿ ತಲೆ ಹೊಡೆಸಿಕೊಂಡ.

ಬಸ್ ತೊಳೆಯುವುದಷ್ಟೇ ಈಗ ಅವನ ಕೆಲಸ. ಎರಡು ವರ್ಷದ ಹಿಂದೆ ಶಾಲೆಯ ಗೇಟಿನಲ್ಲಿ ಮಕ್ಕಳು ಇನ್ನೂ ಇಳಿಯುತ್ತಿರುವಾಗಲೇ ಬಸ್ ತೆಗೆ ಎಂದು ಒಬ್ಬ ಪೊಲೀಸಿನವ ಗದರಿಸಿದ್ದ. "ಮಕ್ಕಳು ಇಳೀಲಿ ಸಾರ್" ಅಂದದ್ದಕ್ಕೆ ಕೆನ್ನೆಗೆ ಬಾರಿಸಿದ್ದ. ಸಾಲದ್ದಕ್ಕೆ ಡ್ರೈವರೇ ತನ್ನ ಮೇಲೆ ಕೈ ಮಾಡಿದ ಎಂದು ವರದಿಯನ್ನೂ ಬರೆದಿದ್ದ. ಡ್ರೈವರ್ ದೂರು ಕೊಟ್ಟ. ಅದು ಇತ್ಯರ್ಥವಾಗುವವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ ಎಂದಿತು ಶಾಲೆ. ವಿಚಾರಣೆಯೋ ಆಮೆಯೂ ನಾಚಿಕೊಳ್ಳುವಂತೆ ತೆವಳುತ್ತಿತ್ತು.

ಪ್ರಶ್ನೆ ಕೇಳಿದ್ದ ಮೇಡಂ, ಪೊಲೀಸರ ಮೇಲಿನ ದೂರುಗಳು ಎಲ್ಲಿ ಕುಂಟುತ್ತಿವೆ ಎಂದು ಬೆನ್ನು ಹತ್ತಿ ನೋಡುವ ಕಚೇರಿಯವರು. ಹುಡುಕಿಕೊಂಡು ಬಂದವರು ಈ ಎರಡು ವರ್ಷದಲ್ಲಿ ಇವರೊಬ್ಬರೇ.

"ಪ್ರತಿ ಸಲವೂ ದೂರು ಕೊಟ್ಟವರೇ ಒಪ್ಪಿದಾರೆ ಅಂತಾರೆ ವಿಚಾರಣಾಧಿಕಾರಿ."

"ನಾನೆಲ್ಲಿ ಒಪ್ಪಿದೆ ಮೇಡಂ? 'ಮುಂದಿನ ತಿಂಗಳು ಇಟ್ಕೊಳ್ಳೋಣವಾ' ಅಂತ ಕೇಳ್ತಾರೆ. 'ಆಗಲಿ ಸಾರ್' ಅಂತೀನಿ."

"ಅದನ್ನೇ ಒಪ್ಪಿಗೆ ಅಂತ ಬರ್ಕೊಂಡಿದಾರೆ."

"ದೊಡ್ಡವರು ಕೇಳಿದಾಗ ಮತ್ತೇನು ಅನ್ನೋದು?" ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಮೇಡಂ ನಗಲಿಲ್ಲ. "ತಪ್ಪು ನಿಮ್ಮದಲ್ಲ. ಗುರುವಾರದ ವಿಚಾರಣೆಗೆ ನಾನೂ ಬಂದು ಕೂರ್ತೀನಿ. ಆದ್ರೆ ನಿಮ್ಮ ಪರವಾಗಿ ಮಾತಾಡೋ ಅಧಿಕಾರ ನನಗಿಲ್ಲ. ಬೇಡ ಅನ್ನೋದಾದ್ರೆ ನೀವೇ ಅನ್ನಬೇಕು."

ಮನೆಯಲ್ಲಿ ಹೆಂಡತಿ ಕೇಳಿ ಹಣೆ ಚಚ್ಚಿಕೊಂಡಳು. "ನಾನೇನು ಹೇಳಿದ್ರೂ ಆಗಲ್ಲ ಅಂತೀರಲ್ಲ, ಅದನ್ನೇ ಅಲ್ಲೊಂದು ಸಲ ಅಂದ್ಬಿಡಿ."

ಗುರುವಾರ ವಿಚಾರಣಾಧಿಕಾರಿ ಎಂದಿನಂತೆ ಬಹಳ ಮರ್ಯಾದೆಯಿಂದ ಕೂರಿಸಿದರು. ಮರ್ಯಾದೆಯೇ ಅವನನ್ನು ಕೊಲ್ಲುತ್ತಿದ್ದುದು. "ನಮ್ಮವರು ಒಬ್ಬರು ರಜೆಯಲ್ಲಿದ್ದಾರೆ. ಮುಂದಿನ ತಿಂಗಳು ಇಟ್ಕೊಳ್ಳೋಣವಾ?"

ಡ್ರೈವರನ ಕುತ್ತಿಗೆ ತಾನಾಗಿಯೇ ಬಾಗತೊಡಗಿತು. ಮೂಲೆಯ ಕುರ್ಚಿಯಲ್ಲಿ ಮೇಡಂ ತಮ್ಮ ಕೈ ನೋಡಿಕೊಂಡು ಕೂತಿದ್ದರು. ಅವನು ಬಾಗುತ್ತಿದ್ದ ತಲೆಯನ್ನು ಎತ್ತಿದ.

"ಆಗಲ್ಲ ಸಾರ್."

"ಏನಂದ್ರಿ?"

"ಆಗಲ್ಲ. ಇವತ್ತೇ ಕೇಳಿ. ನಾನು ಬಂದಿದೀನಿ, ಅವತ್ತು ಶಾಲೆ ಗೇಟಲ್ಲಿ ನಿಂತು ನೋಡಿದ ವಾಚ್‌ಮ್ಯಾನೂ ಹೊರಗೆ ಕೂತಿದಾನೆ."

ಅಧಿಕಾರಿ ಒಮ್ಮೆ ಮೂಲೆಯತ್ತ ನೋಡಿದರು. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು "ಹೇಳಿ" ಎಂದರು. ಅವನು ಮಧ್ಯಾಹ್ನದವರೆಗೂ ಹೇಳಿದ. ತನ್ನಲ್ಲಿ ಅಷ್ಟು ಮಾತಿತ್ತೆಂದು ಅವನಿಗೇ ತಿಳಿದಿರಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ತೀರ್ಮಾನ ಬಂತು. ಹೊಡೆದದ್ದು ಪೊಲೀಸಿನವನೇ, ಡ್ರೈವರ್ ಕೈ ಎತ್ತಿಯೇ ಇರಲಿಲ್ಲ ಎಂದಿತ್ತು ಅದರಲ್ಲಿ. ಪೊಲೀಸಿನವನಿಗೇನು ಶಿಕ್ಷೆ ಎಂಬುದು ಇನ್ನೂ ಮೇಲಿನವರ ಮುಂದಿತ್ತು, ಅದಕ್ಕೆಷ್ಟು ಕಾಲ ಹಿಡಿಯುತ್ತದೋ. ಆದರೆ ಶಾಲೆಯವರು ಬಸ್ಸಿನ ಕೀಲಿಯನ್ನು ಅವನ ಕೈಗೆ ಕೊಟ್ಟರು. ಅದನ್ನು ಹಿಡಿದುಕೊಂಡು ಅವನು ಗ್ಯಾರೇಜಿನಲ್ಲಿ ಸ್ವಲ್ಪ ಅತ್ತ.

ಕೃತಜ್ಞತೆ ಹೇಳದಿದ್ದರೆ ಊಟ ಸೇರುವಂತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಕ್ಕಳನ್ನು ಶಾಲೆಗೆ ಬಿಟ್ಟವನೇ ಮೇಡಂ ಕಚೇರಿಯ ಮೆಟ್ಟಿಲು ಹತ್ತಿದ. ಅವರು ಕಿಟಕಿಯತ್ತ ತಿರುಗಿ ಫೋನಿನಲ್ಲಿದ್ದರು.

"ಆ ಅಜ್ಜಿ ದೂರು ಕೊಟ್ಟು ವರ್ಷವಾಯ್ತು. ಯಾಕೆ ತಡ? ಇಲ್ಲ, ಅದು ಕಾರಣ ಅಲ್ಲ. ಯಾಕೆ ತಡ ಹೇಳಿ."

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಡ್ರೈವರ್ ನುಂಗಿಕೊಂಡ. ಈ ಪ್ರಶ್ನೆಯನ್ನು ನಡುವೆ ನಿಲ್ಲಿಸಬಾರದು ಅನ್ನಿಸಿತು. ಅವರ ಬೆನ್ನಿಗೇ ಕೈಮುಗಿದು, ಸದ್ದಾಗದಂತೆ ಬಾಗಿಲು ಎಳೆದುಕೊಂಡ. ಮೆಟ್ಟಿಲ ತಿರುವಿನವರೆಗೂ ಆ ದನಿ ಕೇಳಿಸುತ್ತಿತ್ತು. ಅವನು ಅಲ್ಲೇ ಗೋಡೆಗೆ ಕೈಯಾನಿಸಿ ಕೇಳುತ್ತ ನಿಂತ.