ಅಲಮೇಲುವಿನ ಈಯದ ಚೊಂಬು

ಐವತ್ತೇಳರ ಫ್ಲೂ ಜಯನಗರದ ನಮ್ಮ ಬೀದಿಯನ್ನು ಬಿಟ್ಟುಹೋದ ಮೇಲೆ ಬಡಾವಣೆಯ ಸಂಘದ ಕಾರ್ಯದರ್ಶಿ ಗುಂಡಣ್ಣನಿಗೆ ಹೊಸ ಹುಚ್ಚು ಹಿಡಿಯಿತು. ಜ್ವರದ ಕಾಲದಲ್ಲಿ ಜನ ಹೇಗೆ ಬದುಕಿದರು ಎಂಬುದಕ್ಕೆ ಗುರುತಾಗಿ ಮನೆಮನೆಯಿಂದ ಒಂದೊಂದು ವಸ್ತು ತಂದು ಸಂಘದ ಬೀರುವಿನಲ್ಲಿ ಇಡಬೇಕಂತೆ.

"ಮುಂದಿನವರಿಗೆ ಗೊತ್ತಾಗ್ಬೇಕು, ವಾರಿಜಮ್ಮ" ಅಂದ.

ಕಷಾಯಕ್ಕೆ ಮೆಣಸು ಕುಟ್ಟಿ ಕುಟ್ಟಿ ಸವೆದ ಕುಟ್ಟಾಣಿಯನ್ನು ನಾನು ಕೊಟ್ಟೆ. ಬಿಳೇಕಹಳ್ಳಿಯಿಂದ ಹಾಲು ತರುವ ಮುನಿಲಕ್ಷ್ಮಮ್ಮ, ಗೇಟಿನಾಚೆ ನಿಂತೇ ಹಾಲು ಸುರಿಯಲು ಬಿದಿರುಕೋಲಿಗೆ ಕಟ್ಟಿಕೊಂಡಿದ್ದ ಸೌಟನ್ನು ಕೊಟ್ಟಳು.

ಪಕ್ಕದ ಮನೆಯ ಅಲಮೇಲು ಮಾತ್ರ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದಳು. ಒಂಟಿಜೀವ ಗುಂಡಣ್ಣ ಜ್ವರ ಬಂದು ಮಲಗಿದ್ದಾಗ ಅತ್ತೆಯ ಈಯದ ಚೊಂಬಿನಲ್ಲಿ ಸಾರು ಮಾಡಿ ಅವನ ಬಾಗಿಲಲ್ಲಿ ಇಟ್ಟು ಬಂದಿದ್ದಳು. ಚೊಂಬು ವಾಪಸ್ಸು ಬಂದಿರಲಿಲ್ಲ. ಭಾನುವಾರ ಅತ್ತೆ ಮೈಸೂರಿನಿಂದ ಬರುವವರಿದ್ದರು.

"ಅಡುಗೆಮನೆಗೆ ಕಾಲಿಟ್ಟ ತಕ್ಷಣ ಕೇಳೋದೇ ಅದನ್ನ! ಅವರಮ್ಮ ಕೊಟ್ಟಿದ್ದು ಕಣೇ."

ನನಗೆ ರೇಗಿತು. ನೆಟ್ಟಗೆ ಗುಂಡಣ್ಣನ ಮನೆಗೇ ಹೋಗಿ ಕೇಳಿದೆ. ಮಹಾರಾಯ ಟವಲಿನಲ್ಲಿ ಸುತ್ತಿಟ್ಟಿದ್ದ ಬೆಳ್ಳನೆಯ ಗಟ್ಟಿಯೊಂದನ್ನು ತಂದು ಮುಂದಿಟ್ಟ.

"ಖಾಲಿ ಪಾತ್ರೆ ವಾಪಸ್ ಕೊಡಬಾರ್ದಲ್ವಾ? ಒಂಚೂರು ಪಾಯಸ ಮಾಡಿ ತುಂಬಿ ಕೊಡೋಣಾಂತ ಸ್ಟವ್ ಹಚ್ಚಿ ಇಟ್ಟೆ. ಸಕ್ಕರೆ ಹುಡುಕಿ ಬರೋಷ್ಟರಲ್ಲಿ ಚೊಂಬೇ ಇಲ್ಲ!"

ಈಯ ಅಂದರೆ ತವರ. ಒಳಗೆ ಸಾರಿದ್ದರೆ ಉರಿ ತಡೆಯುತ್ತದೆ, ಬರಿದಾಗಿದ್ದರೆ ಬೆಣ್ಣೆಯ ಹಾಗೆ ಕರಗುತ್ತದೆ. ಅಡುಗೆ ಗೊತ್ತಿಲ್ಲದ ಗಂಡಸಿಗೆ ಮರ್ಯಾದೆ ಮಾತ್ರ ಗೊತ್ತಿದ್ದರೆ ಹೀಗೇ! ಬಯ್ಯಲು ಹೋದವಳು ನಕ್ಕು ಸುಸ್ತಾದೆ. ಅಲಮೇಲು ಮಾತ್ರ ಸುದ್ದಿ ಕೇಳಿ ಅತ್ತೇಬಿಟ್ಟಳು.

ಭಾನುವಾರ ಅತ್ತೆ ಬಂದು ಕಾಫಿ ಕುಡಿದು ಮುಗಿಸುವ ಮೊದಲೇ ಗುಂಡಣ್ಣ ಬಂದು, ನಡೆದದ್ದನ್ನೆಲ್ಲ ಹೇಳಿ, ಗಟ್ಟಿಯನ್ನು ಅವರ ಮುಂದಿಟ್ಟ. ಅವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅಲ್ಲೇ ಕೂತಿದ್ದ ನಾನು ಕಾಫಿ ಲೋಟ ಕೆಳಗಿಟ್ಟೆ.

"ಸಾರು ಕುಡಿದ್ಯೇನಪ್ಪಾ?"

"ಕುಡಿದೆ ಅಮ್ಮಾ. ಜ್ವರ ಬಂದ್ಮೇಲೆ ಬಾಯಿಗೆ ರುಚಿ ಹತ್ತಿದ್ದೇ ಅವತ್ತು."

ಅತ್ತೆ ಬಾಗಿಲ ಹಿಂದೆ ಸರಿದು ನಿಂತಿದ್ದ ಸೊಸೆಯ ಕಡೆ ತಿರುಗಿದರು.

"ನನ್ನ ಕಾಲದಲ್ಲಿ ಈ ಚೊಂಬು ಹೊಸಲು ದಾಟಿರ್ಲಿಲ್ಲ ಕಣೇ. ಯಾರು ಕೇಳಿದ್ರೂ ಕೊಟ್ಟಿರ್ಲಿಲ್ಲ. ನೀನು ಯಾರೂ ಕೇಳದೇನೇ ಕಳಿಸ್ದೆ. ಒಳ್ಳೇದು ಮಾಡ್ದೆ."

ಅಲಮೇಲು ಮತ್ತೆ ಅತ್ತಳು, ಈ ಸಲ ನಗುತ್ತಾ. ನನಗೂ ಕಣ್ಣು ತುಂಬಿತು.

ಗಟ್ಟಿ ಸಂಘದ ಬೀರು ಸೇರಿತು. ಅದರ ಪಕ್ಕದ ಚೀಟಿಯಲ್ಲಿ ಏನು ಬರೆಯಬೇಕೆಂದು ಗುಂಡಣ್ಣ ಕೇಳಿದಾಗ ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ನನ್ನ ಸೊಸೆ ಕಳಿಸಿದ ಸಾರು, ಅಂತ ಬರಿ."