ಅಕ್ಕನ ಕಸರತ್ತು

ಮಕ್ಕಳಿಗೆ ಈಜು ಕಲಿಸುವ ಕೆಲಸದಿಂದ ಅಕ್ಕ ನಿವೃತ್ತಳಾಗಿದ್ದರೂ ಅವಳ ಗಂಟಲು ನಿವೃತ್ತವಾಗಿರಲಿಲ್ಲ. ಅವಳ ತಮ್ಮ, ಮನೆಗಳಿಗೆ ಬಣ್ಣ ಹಚ್ಚುವವನು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೂ ಹಬ್ಬಿದೆ ಎಂದು ತಿಳಿದ ಮೇಲೆ ಅವನು ಅವಳ ಮನೆಗೇ ಬಂದಿದ್ದ. ದಿನಾ ನಡೆಯಬೇಕು, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡಬೇಕು, ಆದರೆ ಭಾರ ಎತ್ತಬಾರದು ಎಂದು ಆಸ್ಪತ್ರೆಯ ಫಿಸಿಯೋ ಹೇಳಿದ್ದಳು. ಬೆನ್ನಿನಲ್ಲಿ ಹೊಸ ನೋವು, ಕಾಲಿನಲ್ಲಿ ಜೋಮು ಕಂಡರೆ ತಡಮಾಡದೆ ಬನ್ನಿ ಎಂದೂ ಎಚ್ಚರಿಸಿದ್ದಳು. ಅಕ್ಕ ಮೊದಲ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎರಡನೆಯದು ತಮ್ಮನಿಗೆ ಮಾತ್ರ ನೆನಪಿತ್ತು.

ಕೆಲವು ವಾರ ಕಳೆದ ಮೇಲೆ ಅವನು ಮಹಡಿ ಮನೆಯ ಮುಂದಿನ ಮೊಗಸಾಲೆಯಲ್ಲಿ ಗೋಡೆ ಹಿಡಿದು ನಡೆಯತೊಡಗಿದ. ಅಕ್ಕನಿಗೆ ಅದು ಮೈಗಳ್ಳತನವಾಗಿ ಕಂಡಿತು. ಚಿಕ್ಕವನಿದ್ದಾಗ ನೀರಿಗಿಳಿಯಲೂ ಹೀಗೇ ನೆಪ ಹೇಳುತ್ತಿದ್ದೆ ಎಂದು ಬೆನ್ನು ಬಿಡದೆ ರೇಗಿದಳು. ಎದೆಯ ಸುತ್ತ ಪಟ್ಟಿ ಬಿಗಿದಂಥ ನೋವನ್ನು ಅವನು ನುಂಗಿಕೊಂಡ. ಹೇಳಿದರೆ ಮತ್ತೆ ಆಸ್ಪತ್ರೆ. ಮತ್ತೆ ಬಣ್ಣದ ಕೆಲಸಕ್ಕೆ ಏಣಿ ಹತ್ತುವ ದಿನ ಇನ್ನೂ ದೂರವಾಗುತ್ತದೆ.

ಒಂದು ಬೆಳಿಗ್ಗೆ ಅವನ ಎಡಗಾಲಿನ ಚಪ್ಪಲಿ ಹಿಂದೆ ಉಳಿಯಿತು. ಅವನು ನಡೆಯುತ್ತಲೇ ಇದ್ದ.

"ಚಪ್ಪಲಿ ಬಿಟ್ಟು ಬಂದ್ಯಲ್ಲೋ."

"ಎಲ್ಲಿ? ಕಾಲಲ್ಲೇ ಇದೆಯಲ್ಲ."

ಅಕ್ಕ ತಟ್ಟನೆ ಹತ್ತಿರ ಬಂದಳು. ಅವನನ್ನು ಅಲ್ಲೇ ಕೂರಿಸಿ ಪಾದ ಚಿವುಟಿದಳು. ಅವನು ಮಿಸುಕಲಿಲ್ಲ. ಇನ್ನೇನು ಮುಚ್ಚಿಟ್ಟಿದ್ದೀಯ ಎಂದಾಗ ಅವನು ಮುಖವನ್ನು ಗೋಡೆಯತ್ತ ತಿರುಗಿಸಿದ.

"ನಿನ್ನೆಯಿಂದ ಉಚ್ಚೆ ಸರಿಯಾಗಿ ಬರ್ತಿಲ್ಲ," ಎಂದ ಕೊನೆಗೆ. "ನಿನ್ನ ಹತ್ರ ಹೆಂಗೆ ಹೇಳ್ಲಿ?"

"ನಿನ್ನ ಕುಂಡಿ ತೊಳೆದು ಬೆಳೆಸಿದವಳು ನಾನು."

ಆಸ್ಪತ್ರೆಗೆ ಫೋನ್ ಮಾಡಿದಳು. ಅವನನ್ನು ನಡೆಸಬೇಡಿ, ಅಂಗಾತ ಮಲಗಿಸಿ, ಆಂಬುಲೆನ್ಸ್ ಕಳಿಸುತ್ತೇವೆ ಎಂದರು. ತಾನೇ ಮೆಟ್ಟಿಲಿಳಿಯುತ್ತೇನೆಂದು ಅವನು ಏಳಹೊರಟ. ಅವಳು ಅವನ ಎದೆಯ ಮೇಲೆ ಅಂಗೈ ಒತ್ತಿ ಹಿಡಿದಳು. ಬೀದಿಯಲ್ಲಿ ಒಂದೊಂದು ಗಾಡಿ ಹೋದಾಗಲೂ ಇಬ್ಬರೂ ಉಸಿರು ಬಿಗಿಹಿಡಿದರು. ಅವನ ಬಲಗಾಲೂ ಮರಗಟ್ಟುತ್ತ ಬಂತು. ಕೊನೆಗೆ ಬಂದವರು ಅವನನ್ನು ಮರದ ದಿಮ್ಮಿಯಂತೆ ಹೊರಳಿಸಿ ಸ್ಟ್ರೆಚರಿಗೆ ಬಿಗಿದರು. ಮೆಟ್ಟಿಲ ತಿರುವಿನಲ್ಲಿ ಅದು ವಾಲಿದಾಗ ಅಕ್ಕ ಕಣ್ಣು ಮುಚ್ಚಿಕೊಂಡಳು.

ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರುವುದು ಸ್ಕ್ಯಾನಿನಲ್ಲಿ ಕಂಡಿತು. ತಕ್ಷಣ ಇಂಜೆಕ್ಷನ್, ಸಂಜೆಗೇ ರೇಡಿಯೇಷನ್. ಕಾಲು ಎಷ್ಟು ಮರಳುತ್ತದೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ತಾನು ನಡೆಸಿದ್ದರಿಂದ ಹೀಗಾಯಿತೇ ಎಂದು ಅಕ್ಕ ಕೇಳಿದಳು. "ಇಲ್ಲಮ್ಮ. ವ್ಯಾಯಾಮದಿಂದ ಗಡ್ಡೆ ಬೆಳೆಯಲ್ಲ. ಹೇಳದೆ ಇದ್ದಿದ್ದೇ ತೊಂದರೆ ಆಯ್ತು."

ಆ ಉತ್ತರ ಅವಳಿಗೆ ಸಾಲಲಿಲ್ಲ. ಹೇಳಲು ತಾನೆಲ್ಲಿ ಬಿಟ್ಟಿದ್ದೆ ಎಂದು ಕೊರಗಿದಳು.

ಕೆಲವು ವಾರಗಳ ನಂತರ ಫಿಸಿಯೋ ಅವನನ್ನು ಎರಡು ಸರಳುಗಳ ನಡುವೆ ನಿಲ್ಲಿಸಿದಳು. ಬಲಗಾಲು ಮಾತು ಕೇಳಿತು. ಜೋತುಬೀಳುವ ಎಡಪಾದಕ್ಕೆ ಆಸರೆಯ ಪಟ್ಟಿ ಕಟ್ಟಬೇಕಾಯಿತು. ಏಣಿಯ ಕೆಲಸ ಇನ್ನಿಲ್ಲವೆಂಬುದು ಅವನಿಗೆ ಯಾರೂ ಹೇಳದೆಯೇ ತಿಳಿಯಿತು. ಅಕ್ಕ ಹಿಂದಿನಿಂದ ಅವನ ಸೊಂಟದ ಬೆಲ್ಟು ಹಿಡಿದು, ನೋವಿದೆಯಾ, ಸಾಕಾ, ಕೂರ್ತೀಯಾ ಎಂದು ಪಿಸುಗುಟ್ಟುತ್ತಿದ್ದಳು.

"ಅಕ್ಕ, ಬೈಯಿ ಸ್ವಲ್ಪ," ಎಂದ ತಮ್ಮ. "ನೀನು ಮೆತ್ತಗೆ ಮಾತಾಡಿದ್ರೆ ನಂಗೆ ಭಯ ಆಗುತ್ತೆ."

ಬೈಯಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವನು ಇನ್ನೊಂದು ಹೆಜ್ಜೆ ಇಟ್ಟ.