ಬಾಂಬರ್ ಬಾಗಿಲ ಬಚ್ಚಲು

"ಗುದ್ದಬೇಡಿ ಸಾರ್! ರಿವೆಟ್ ಕಿತ್ತುಬರುತ್ತೆ!" ಎಂದು ಹರ್ಷವರ್ಧನ್ ಕೂಗಿಕೊಂಡ. ದಾಕ್ಷಾಯಣಮ್ಮನ ಬಚ್ಚಲ ಬಾಗಿಲಿಗೆ ಮುಷ್ಟಿ ಎತ್ತಿದ್ದ ಪಂಚಾಯ್ತಿ ಅಧ್ಯಕ್ಷ ಕೆಂಪಣ್ಣ, ಇನ್ನೊಂದು ಕೈಯ ಹಾರದ ಸಮೇತ ಹಿಂದೆ ಸರಿದ.

ಅದು ಎರಡನೇ ಮಹಾಯುದ್ಧದಲ್ಲಿ ಶಾಂತಿಗ್ರಾಮದಾಚೆಯ ಈ ಊರಿನ ಕೆರೆಯಂಗಳಕ್ಕೆ ಬಿದ್ದ ಬಾಂಬರ್ ವಿಮಾನದ ಹೊಟ್ಟೆಯ ಬಾಗಿಲು. ತೆರೆದರೆ ಬಾಂಬು ಉದುರುತ್ತಿತ್ತು. ಎಂಜಿನ್ನು, ಬಂದೂಕುಗಳನ್ನು ಸಿಪಾಯಿಗಳು ಹೊತ್ತೊಯ್ದರು. ಬಿಟ್ಟುಹೋದ ಈ ತಗಡನ್ನು ದಾಕ್ಷಾಯಣಮ್ಮನ ಮಾವ ತಂದು ಬಚ್ಚಲಿಗೆ ಕೂರಿಸಿದರು. ಊರು ಸುಡಲು ಮಾಡಿದ ತಗಡು ಅಂದಿನಿಂದ ಹೆಂಗಸರ ಮಾನ ಕಾಯುತ್ತ ನಿಂತಿತು. ಅದಕ್ಕಾಗಿ ಯಾವ ಸರ್ಕಾರವೂ ಅದಕ್ಕೆ ಪದಕ ಕೊಟ್ಟಿರಲಿಲ್ಲ.

ಬೆಂಗಳೂರಿನಲ್ಲಿ ಅಂಥದೇ ಬಾಂಬರನ್ನು ಸಂಗ್ರಹಾಲಯಕ್ಕಾಗಿ ದುರಸ್ತಿ ಮಾಡುತ್ತಿದ್ದ ತಂಡದವನು ಹರ್ಷವರ್ಧನ್. ಅದಕ್ಕೆ ಈ ಬಾಗಿಲೊಂದೇ ಕೊರತೆ. ದಾಕ್ಷಾಯಣಮ್ಮ ಹೋದ ವಾರವೇ ಒಪ್ಪಿದ್ದರು: ಮೊದಲು ಹೊಸ ಬಾಗಿಲು ತನ್ನಿ, ಆಮೇಲೆ ಹಳೆಯದನ್ನು ಒಯ್ಯಿರಿ. "ಅದ್ ನನ್ ಜವಾಬ್ದಾರಿ" ಎಂದಿದ್ದ ಕೆಂಪಣ್ಣ ಇವತ್ತು ಬಾಗಿಲು ಬೀಳ್ಕೊಡುವ ಸಮಾರಂಭಕ್ಕೆಂದು ವಾಲಗದವರನ್ನು, ಶಾಲನ್ನು, ತನ್ನ ಫೋಟೊ ಇದ್ದ ಫ್ಲೆಕ್ಸನ್ನು ತಂದಿದ್ದ. ಬಾಗಿಲು ತಂದಿರಲಿಲ್ಲ. ಅದನ್ನು ಕಂಡ ದಾಕ್ಷಾಯಣಮ್ಮ, ಹೆರಿಗೆಗೆ ಬಂದಿದ್ದ ಮಗಳು ರೂಪಶ್ರೀಯನ್ನು ಬಾಣಂತಿ ನೀರಿಗೆಂದು ಒಳಕ್ಕೆ ಕರೆದುಕೊಂಡು ಅಗುಳಿ ಜಡಿದಿದ್ದರು.

"ಅಕ್ಕಾ, ಲಾರಿ ಕಾಯ್ತಾ ಐತೆ! ಗ್ರಾಂಟ್ ಬಂದೇಟ್ಗೆ ಬಾಗ್ಲು ಆಕುಸ್ಕೊಡ್ತೀನಿ ಕಣಕ್ಕ!" ಎಂದ ಕೆಂಪಣ್ಣ.

"ಅಲ್ಲೀಗಂಟ ನನ್ ಮಗ್ಳು ಗಾಳೀಗೆ ಮೈಯೊಡ್ಕಂಡು ನಿಂತ್ಕಬೇಕಾ? ಸೀತ ಆದ್ರೆ ನೀನ್ ಬಂದು ಕಸಾಯ ಕುಡುಸ್ತೀಯಾ?"

"ದೇಸದ್ ಚರಿತ್ರೆ ಕಣಕ್ಕ ಅದು!"

"ಚರಿತ್ರೆಗೆ ಬಾಗ್ಲು ಬೇಕು, ಬಾಣಂತಿಗೆ ಬ್ಯಾಡ್ವಾ?"

ಒಳಗೆ ದಬದಬನೆ ನೀರು ಬಿತ್ತು. "ಅವ್ವಾ, ಸುಡ್ತದೆ!" ಎಂದು ರೂಪಶ್ರೀ ಚೀರಿದಳು. "ಸುಡ್ಲಿ ಬುಡು, ಸೊಂಟ ಗಟ್ಟಿ ಆಯ್ತದೆ. ಇನ್ನೊಂದ್ ಹಂಡೆ ಐತೆ."

ವಾಲಗದ ದೇವರಾಜ್ ನಾಗಸ್ವರ ಒರೆಸಿಕೊಳ್ಳುತ್ತ ಕೇಳಿದ: "ಅಧ್ಯಕ್ಷರೇ, ಬಾಣಂತಿ ನೀರಿಗೆ ಯಾವ್ ರಾಗ ಊದ್ಲಿ?"

"ಬಾಯ್ ಮುಚ್ಕಂಡ್ ನಿಂತ್ಕಳ್ಲಾ!"

ಅಷ್ಟರಲ್ಲಿ ರಿವೆಟ್ ಮೊಳೆಗಳು ಉದುರಿದ್ದ ತೂತುಗಳಿಂದ ಸಾಂಬ್ರಾಣಿ ಹೊಗೆ ಬುಸುಗುಡುತ್ತ ಹೊರಬಂತು. "ಎಂಜಿನ್ ಸ್ಟಾರ್ಟ್ ಆಯ್ತು ಕಣ್ರಪ್ಪೋ, ದೂರ ನಿಂತ್ಕಳಿ!" ಎಂದ ದೇವರಾಜ್. ಜನ ಬಿದ್ದು ಬಿದ್ದು ನಕ್ಕರು. ಹರ್ಷವರ್ಧನ್ ತಲೆಯ ಮೇಲೆ ಕೈಹೊತ್ತ. "ಅಮ್ಮಾ, ಹೊಗೆಗೆ ಹಳೇ ಬಣ್ಣ ಹಾಳಾಗುತ್ತೆ!"

"ಬಾಗ್ಲು ಬಂದೇಟ್ಗೆ ಹೊಗೆ ನಿಲ್ತದೆ ಕಣಪ್ಪ."

ಕೆಂಪಣ್ಣನ ಫೋನು ಬಡಿದುಕೊಂಡಿತು. ಸಮಾರಂಭಕ್ಕೆ ಬಂದು ಅವನಿಗೆ ಶಾಲು ಹೊದೆಸಬೇಕಾದ ದೊಡ್ಡ ಸಾಹೇಬರು ಹಾಸನ ಬಿಟ್ಟಾಗಿತ್ತು. ಅವನು ಸುತ್ತಲೂ ನೋಡಿದ. ಹಾರ ಬಾಡುತ್ತಿತ್ತು. ಕೊನೆಗೆ ಹಲ್ಲು ಕಚ್ಚಿ ತನ್ನ ಆಳುಗಳಿಗೆ ಹೇಳಿದ: "ಓಗ್ರಲಾ, ನಮ್ಮನೆ ಬಚ್ಚಲ್ದೇ ಬಿಚ್ಕಂಡ್ ಬನ್ನಿ."

ಬಾತುಕೋಳಿಯ ಚಿತ್ರವಿದ್ದ ನೀಲಿ ಫೈಬರ್ ಬಾಗಿಲು ಗಾಡಿಯಿಂದ ಇಳಿದದ್ದನ್ನು ಸಂದಿಯಿಂದ ನೋಡಿದ ಮೇಲೆಯೇ ದಾಕ್ಷಾಯಣಮ್ಮ ಅಗುಳಿ ತೆಗೆದದ್ದು. ಕಂಬಳಿ ಸುತ್ತಿದ ಮಗಳನ್ನು ಜನರ ನಡುವೆ ನಡೆಸಿಕೊಂಡು ಒಳಮನೆಗೆ ಹೋದರು. ಬಾಂಬರಿನ ಬಾಗಿಲನ್ನು ತಿರುಗಿಯೂ ನೋಡಲಿಲ್ಲ.

ಸಂಜೆ, ಭಾಷಣ ಮಾಡಿ ಬೆವತು ಮನೆಗೆ ಬಂದ ಕೆಂಪಣ್ಣ ಸ್ನಾನಕ್ಕಿಳಿದ. ಹೆಂಡತಿ ಸುಬ್ಬಮ್ಮ ಬಚ್ಚಲಿಗೆ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದ್ದಳು. ಕೆರೆಯ ಕಡೆಯಿಂದ ಗಾಳಿ ಎದ್ದಿತು. ಕಣ್ಣಿಗೆ ಸೋಪು ಹತ್ತಿದ ಅಧ್ಯಕ್ಷ ಒಂದು ಕೈಯಲ್ಲಿ ಸೀರೆಯ ಅಂಚನ್ನು ಬಿಗಿಹಿಡಿದು, ಇನ್ನೊಂದರಲ್ಲಿ ಚೊಂಬಿಗಾಗಿ ತಡಕಾಡುತ್ತಿದ್ದ.